ಹಗ್ಗದ ಆ ತುದಿಯ ಎಮ್ಮೆ

ಎಮ್ಮೆ ಇತ್ತು. ಅದೊಂದರ ಬಗ್ಗೆ ಅನುಮಾನವಿಲ್ಲ. ಚಿಕ್ಕಮ್ಮ ಅದರ ಮುಂದೆ ಬಕೆಟ್ ಇಟ್ಟುಕೊಂಡು ಕಾದು ಕೂತಿದ್ದೂ ನಿಜ. ಉಳಿದ ವಿವರಗಳಲ್ಲಿ ಕೆಲವನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಅವತ್ತು ಬೆಳಿಗ್ಗೆ ಮಂಜು ಬಿದ್ದಿತ್ತು ಎಂದು ನನ್ನ ನೆನಪು. ಮಂಜೂ ಇರಲಿಲ್ಲ, ಗಿಂಜೂ ಇರಲಿಲ್ಲ ಎನ್ನುತ್ತಾಳೆ ಅಮ್ಮ. ಆದರೆ ಅಮ್ಮ ಅಲ್ಲಿಗೆ ಬಂದದ್ದೇ ಹತ್ತು ಗಂಟೆಯ ಮೇಲೆ. ಪಕ್ಕದ ಮನೆಯಾಕೆಯನ್ನು ಕೇಳಿದರೆ ಎಮ್ಮೆ ಚಿಕ್ಕಮ್ಮನಿಗೆ ಉತ್ತರ ಕೊಟ್ಟಿತು ಎಂದು ಆಣೆ ಮಾಡುತ್ತಾಳೆ.

ನಾನು ಹಳೇಬೀಡಿನಲ್ಲಿ ಕಾಲೇಜು ಮಕ್ಕಳಿಗೆ ಇತಿಹಾಸ ಪಾಠ ಮಾಡುವವಳು. ಒಂದೇ ಆಕರವನ್ನು ನಂಬಬೇಡಿ, ಇನ್ನೊಂದರ ಪಕ್ಕದಲ್ಲಿಟ್ಟು ನೋಡಿ ಎಂದು ವರ್ಷವಿಡೀ ಹೇಳುತ್ತಿರುತ್ತೇನೆ. ಈ ಪ್ರಕರಣಕ್ಕೆ ನಾಲ್ಕು ಆಕರಗಳಿವೆ. ನನ್ನ ಡೈರಿ, ಅಮ್ಮ, ಪಕ್ಕದ ಮನೆಯಾಕೆ, ಚಿಕ್ಕಮ್ಮ. ಮೊದಲ ಮೂರು ಒಂದಕ್ಕೊಂದು ಹೊಂದುವುದಿಲ್ಲ. ನಾಲ್ಕನೆಯದು ಬಾಯಿ ಬಿಡುವುದಿಲ್ಲ.

ಚಿಕ್ಕಮ್ಮ ಅಮ್ಮನ ತಂಗಿ. ಚಿಕ್ಕಂದಿನಲ್ಲಿ ಇರುಳುಗಣ್ಣು ಎಂದು ಶುರುವಾದದ್ದು ಬರುಬರುತ್ತಾ ಹಗಲಿಗೂ ಹಬ್ಬಿತು. ನಲವತ್ತು ದಾಟುವ ಹೊತ್ತಿಗೆ ಅವಳಿಗೆ ಬಿಸಿಲು ಮತ್ತು ನೆರಳಿನ ವ್ಯತ್ಯಾಸವೂ ಕಾಣುತ್ತಿರಲಿಲ್ಲ. ಮದುವೆಯಾಗಲಿಲ್ಲ. ಕಣಕಟ್ಟೆಯ ಮನೆಯಲ್ಲಿ ಅಜ್ಜಿಯ ಜೊತೆಗಿದ್ದಳು. ಮನೆಗೆ ಯಾರಾದರೂ ಹೋದರೆ ಮುದ್ದೆ ತಿರುವುವವಳು ಅವಳೇ, ಅಟ್ಟದ ಮೇಲಿನ ಕಾಯಿಗಳ ಉಸ್ತುವಾರಿಯೂ ಅವಳದೇ. ನಮ್ಮ ಕಡೆ ಕೊಬ್ಬರಿಗೆಂದು ಕಾಯಿಗಳನ್ನು ಸಿಪ್ಪೆ ಸಮೇತ ವರ್ಷವೊಪ್ಪತ್ತು ಅಟ್ಟದಲ್ಲಿ ಹಾಕಿಡುತ್ತೇವೆ. ನೀರು ಇಂಗಿ ಒಳಗಿನ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಾಗ ಕಾಯಿ ಅಲ್ಲಾಡಿಸಿದರೆ ಗಟಕ್ ಗಟಕ್ ಎನ್ನುತ್ತದೆ. ಚಿಕ್ಕಮ್ಮ ಕಿವಿಗೆ ಹಿಡಿದು ಅಲ್ಲಾಡಿಸಿ, "ಇದಿನ್ನೂ ಹಸಿ, ಮಲ್ಗಿರ್ಲಿ" ಎಂದು ಪಕ್ಕಕ್ಕಿಟ್ಟರೆ ಅದು ಹಸಿಯೇ. ಕಣ್ಣಿದ್ದವರು ಒಡೆದು ನೋಡಿ ಪಶ್ಚಾತ್ತಾಪ ಪಟ್ಟಿದ್ದಾರೆ.

ಅಜ್ಜಿ ತೀರಿಕೊಂಡ ಮೇಲೆ ಅಮ್ಮ ಅವಳನ್ನು ಅರಸೀಕೆರೆಗೆ ನಮ್ಮ ಮನೆಗೆ ಕರೆತಂದಳು. ಅಮ್ಮನ ಪ್ರೀತಿಗೆ ಮಿತಿ ಎಂಬುದಿಲ್ಲ. ತಂಗಿ ಒಲೆ ಮುಟ್ಟುವಂತಿಲ್ಲ, ನೀರು ಹಿಡಿಯುವಂತಿಲ್ಲ, ಮೆಟ್ಟಿಲು ಇಳಿಯುವಂತಿಲ್ಲ. ಸೋಫಾದ ಮೇಲೆ ಕೂರಿಸಿ, ಕಾಫಿಯನ್ನು ಕೈಗೆ ಕೊಡುವ ಮುಂಚೆ ಊದಿ ಆರಿಸುತ್ತಿದ್ದಳು.

"ನಾಳೆಯಿಂದ ಅಗಿದೂ ಕೊಡ್ತೀಯ ಕಣಕ್ಕ ನೀನು" ಎಂದಳು ಚಿಕ್ಕಮ್ಮ ಒಂದು ದಿನ.

"ನಿಂಗೇನ್ ಕಮ್ಮಿ ಮಾಡಿದೀನೇ ನಾನು?"

"ಕೆಲ್ಸ."

ಮಾಡಲು ಕೆಲಸವಿಲ್ಲದೆ ಅವಳು ಕೈಗೆ ಸಿಕ್ಕಿದ್ದನ್ನೆಲ್ಲ ಅಲ್ಲಾಡಿಸತೊಡಗಿದಳು. ಟಿಫಿನ್ ಡಬ್ಬಿ, ಅಪ್ಪನ ಮಾತ್ರೆ ಬಾಟಲಿ. ಒಮ್ಮೆ ಅಡುಗೆಮನೆಗೆ ಹೋಗಿ ಗ್ಯಾಸ್ ಸಿಲಿಂಡರನ್ನೇ ತಬ್ಬಿಕೊಂಡು ಅಲ್ಲಾಡಿಸಿ, "ಇನ್ನು ನಾಕು ದಿನ" ಎಂದಳು. ನಾಲ್ಕನೆಯ ದಿನ ಒಗ್ಗರಣೆಯ ಮಧ್ಯೆ ಒಲೆ ಆರಿತು. ಅಮ್ಮ ಅದನ್ನು ಶಕುನವೆಂದು ತಿಳಿದು ಹೆದರಿದಳು. ನಾನು ಅದನ್ನು ಅರ್ಜಿ ಎಂದು ತಿಳಿಯಬೇಕಿತ್ತು, ತಿಳಿಯಲಿಲ್ಲ. ಎಂಟು ತಿಂಗಳಾದ ಮೇಲೆ ಚಿಕ್ಕಮ್ಮ ಬಾಯಿಬಿಟ್ಟೇ ಹೇಳಿದಳು: "ನಾನು ಕಣಕಟ್ಟೆಗೆ ಹೋಯ್ತೀನಿ. ಒಬ್ಳೇ ಇರ್ತೀನಿ."

ಮನೆಯಲ್ಲಿ ಮೂರು ದಿನ ಗಲಾಟೆಯಾಯಿತು. ಕೊನೆಗೆ ಅಮ್ಮ ಒಂದು ಪಂದ್ಯ ಇಟ್ಟಳು. "ಅಮಾವಾಸ್ಯೆಯಿಂದ ಹುಣ್ಣಿಮೆವರೆಗೂ ಒಬ್ಳೇ ಇದ್ದು ತೋರ್ಸು. ನಡುವೆ ಒಂದೇ ಒಂದು ಸಲ ಯಾರನ್ನಾದ್ರೂ ಸಹಾಯಕ್ಕೆ ಕೂಗಿದೆಯೋ, ಗಂಟುಮೂಟೆ ಕಟ್ಕೊಂಡು ವಾಪಸ್ ಬರ್ಬೇಕು. ಆಮೇಲೆ ಕಣಕಟ್ಟೆ ಹೆಸ್ರು ಎತ್ತಂಗಿಲ್ಲ."

"ನಂಗೆ ಅಮಾಸೆ, ಹುಣ್ಣಿಮೆ ಎಲ್ಡೂ ಒಂದೇ" ಎಂದಳು ಚಿಕ್ಕಮ್ಮ. "ಆದ್ರೂ ಆಗ್ಲಿ."

ತೀರ್ಪುಗಾರ್ತಿಯಾಗಿ ನನ್ನನ್ನು ನೇಮಿಸಿದರು. ಪರೀಕ್ಷೆ ಮುಗಿದು ರಜೆ ಇತ್ತು. ನಾನು ಪಕ್ಕದ ಮನೆಯ ಹೊರಕೋಣೆಯಲ್ಲಿದ್ದು ದೂರದಿಂದ ನೋಡಬೇಕು, ಕೈ ಹಾಕಬಾರದು, ಸಂಜೆ ಫೋನಿನಲ್ಲಿ ವರದಿ ಒಪ್ಪಿಸಬೇಕು. ಗೂಢಚಾರಿಕೆ ಎಂಬ ಮಾತನ್ನು ಯಾರೂ ಬಳಸಲಿಲ್ಲ.

ಮೊದಲ ದಿನವೇ ನಾನು ಚಪ್ಪಲಿ ಬಿಟ್ಟು, ಉಸಿರು ಬಿಗಿಹಿಡಿದು ಚಿಕ್ಕಮ್ಮನ ಪಡಸಾಲೆಯ ಮೂಲೆಯಲ್ಲಿ ಕೂತೆ. ಅವಳು ಒಳಗಿನಿಂದ ಮೊರ ತಂದು ನೇರವಾಗಿ ನನ್ನ ತೊಡೆಯ ಮೇಲಿಟ್ಟಳು. "ಸುಮ್ನೆ ಕೂತಿದೀಯಲ್ಲ, ಸೊಪ್ಪು ಬಿಡ್ಸು."

"ನಾನು ಇಲ್ಲಿಲ್ಲ ಚಿಕ್ಕಮ್ಮ."

"ಇಲ್ದೋರು ತಲೆಗೆ ಇಷ್ಟು ಶಾಂಪೂ ಹಾಕಲ್ಲ."

ಚಿಕ್ಕಮ್ಮನ ಮನೆಯನ್ನು ಸಜ್ಜುಗೊಳಿಸಲು ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತೆ ಬಂದಿದ್ದರು. ಊರವರೆಲ್ಲ ಮೇಡಂ ಎಂದೇ ಕರೆಯುವುದು. ಅವರಿಗೆ ಒಂದು ಕಾಲು ಪೋಲಿಯೊದಿಂದ ಸೊರಗಿದೆ. ಹಿಂದೆ ಎರಡು ಚಕ್ರ ಹೆಚ್ಚಾಗಿ ಕೂಡಿಸಿದ ಸ್ಕೂಟರಿನಲ್ಲಿ ನಾನು ಕಂಡ ಯಾವ ಬಸ್ಸಿಗಿಂತಲೂ ಜೋರಾಗಿ ಬರುತ್ತಾರೆ. ಉಪ್ಪಿನ ಡಬ್ಬಿಗೆ ಒಂದು ರಬ್ಬರ್ ಬ್ಯಾಂಡು, ಸಕ್ಕರೆಗೆ ಎರಡು, ಕಡ್ಲೆಬೇಳೆಗೆ ಮೂರು ಹಾಕಿಸಿದರು. ಸಮಯವನ್ನೂ ಕರೆ ಮಾಡಿದವರ ಹೆಸರನ್ನೂ ಹೇಳುವ ಫೋನು ಕಲಿಸಿದರು. ಅದು ನಮ್ಮ ಹೆಸರುಗಳನ್ನೆಲ್ಲ ಜ್ವರ ಬಂದವರ ಹಾಗೆ ಉಚ್ಚರಿಸುತ್ತಿತ್ತು. ಮನೆಯ ಹಿಂಬಾಗಿಲಿನಿಂದ ಹಿತ್ತಲ ಕೊನೆಯ ಶೌಚಾಲಯದವರೆಗೆ, ಅಲ್ಲಿನ ತೆಂಗಿನ ಮರಕ್ಕೆ ಬಿಗಿದು, ಸೊಂಟದೆತ್ತರದಲ್ಲಿ ಒಂದು ಹಗ್ಗ ಕಟ್ಟಿಸಿದರು. ಅದರ ಮೇಲೆ ಕೈ ಜಾರಿಸಿಕೊಂಡು ಹೋದರೆ ಸರಿಯಾಗಿ ಬಾಗಿಲ ಮುಂದೆ ನಿಲ್ಲಬೇಕು.

ಹೊರಡುವಾಗ ನಮ್ಮೆಲ್ಲರನ್ನೂ ಜಗಲಿಯಲ್ಲಿ ನಿಲ್ಲಿಸಿ ಹೇಳಿದರು: "ನೋಡಿ, ಕೇಳಿದ್ ಮೇಲೆ ಮಾಡಿದ್ರೆ ಅದು ಸಹಾಯ. ಕೇಳದೇ ಮಾಡಿದ್ರೆ ಅದಕ್ಕೆ ಬೇರೆ ಹೆಸ್ರಿದೆ, ಸರ್ಕಾರಿ ಕೆಲ್ಸದಲ್ಲಿರೋಳು ನಾನು ಹೇಳಂಗಿಲ್ಲ."

ಎಲ್ಲರೂ ತಲೆಯಾಡಿಸಿದರು. ಯಾರ ತಲೆಗೂ ಹೋಗಲಿಲ್ಲ.

ಮೂರನೆಯ ದಿನ ಪಕ್ಕದ ಮನೆಯಾಕೆ "ಪಾಪ, ಅಕ್ಕಂಗೆ ಧೂಳು ಕಾಣಾಕಿಲ್ವಲ್ಲ" ಎಂದು ಕರಗಿ, ಚಿಕ್ಕಮ್ಮ ಬಸವಣ್ಣನ ಗುಡಿಗೆ ಹೋಗಿದ್ದಾಗ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೊಳೆದು ಸಾಲಾಗಿ ಜೋಡಿಸಿದಳು. ಅಂದ ಕೆಡಿಸುತ್ತಿದ್ದ ರಬ್ಬರ್ ಬ್ಯಾಂಡುಗಳನ್ನು ಬಿಚ್ಚಿ ಒಂದು ಬಟ್ಟಲಿಗೆ ಹಾಕಿದಳು. ಆ ಸಂಜೆ ಚಿಕ್ಕಮ್ಮ ನನಗೆ ಕಾಫಿ ಕೊಟ್ಟಳು. ತೀರ್ಪುಗಾರ್ತಿ ಮಾತಾಡುವಂತಿಲ್ಲವಾದ್ದರಿಂದ ಉಪ್ಪಿನ ಕಾಫಿಯನ್ನು ಪೂರ್ತಿ ಕುಡಿದೆ. ತನ್ನ ಲೋಟದ ಮೊದಲ ಗುಟುಕಿಗೇ ಚಿಕ್ಕಮ್ಮ ನಿಂತುಬಿಟ್ಟಳು.

"ನೀನು ಪೂರ್ತಿ ಕುಡುದ್ಯೇನೇ?"

"ಹೂಂ."

"ಅಷ್ಟು ಓದಿ ಏನ್ ಬಂತು?"

ಎಂದು ಕೇಳಿ, ಡಬ್ಬಿಗಳನ್ನು ಒಂದೊಂದಾಗಿ ಕಿವಿಗೆ ಹಿಡಿದು ಅಲ್ಲಾಡಿಸಿ ಮತ್ತೆ ವಿಂಗಡಿಸಿದಳು. ಉಪ್ಪಿನ ಸದ್ದು ಸಕ್ಕರೆಯದಕ್ಕಿಂತ ಕೊಂಚ ಮೊಂಡಂತೆ. ನನಗೆ ಇವತ್ತಿಗೂ ಎರಡೂ ಒಂದೇ.

ದಾರಿಯಲ್ಲಿ ಹೋಗುವ ಗಂಡಸರಿಗೆ ಇನ್ನೊಂದು ಚಟ. ಜಗಲಿಯ ಮುಂದೆ ನಿಂತು, ದನಿ ಬದಲಿಸಿ, "ನಾನ್ಯಾರು ಹೇಳು ನೋಡಾನ?" ಎನ್ನುವುದು. ಚಿಕ್ಕಮ್ಮ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದಳು: "ಗೊತ್ತಾಗ್ಲಿಲ್ಲಪ್ಪ. ನಮ್ ಹಾರೆ ಇಸ್ಕಂಡೋಗಿ ವಾಪಸ್ ತರ್ದೇ ಇರೋನಾ?" ಒಂದು ವಾರದಲ್ಲಿ ಆ ಚಟ ನಿಂತಿತು. ಅಷ್ಟೇ ಅಲ್ಲ, ನಮ್ಮದಲ್ಲದ ಎರಡು ಹಾರೆಗಳು ಜಗಲಿಯ ಮೇಲೆ ಬಂದು ಬಿದ್ದವು.

ಆದರೆ ಹಗ್ಗದ್ದೇ ದೊಡ್ಡ ಕಥೆ. ಹಿತ್ತಲಲ್ಲಿ ಅಷ್ಟುದ್ದಕ್ಕೆ ಬಿಗಿಯಾಗಿ ಕಟ್ಟಿದ ಹಗ್ಗವನ್ನು ಕಂಡು ಸುಮ್ಮನಿರುವ ಹೆಂಗಸು ನಮ್ಮ ತಾಲ್ಲೂಕಿನಲ್ಲಿಲ್ಲ. ಐದನೆಯ ದಿನವೋ ಆರನೆಯ ದಿನವೋ ಚಿಕ್ಕಮ್ಮ ಕೈ ಜಾರಿಸಿಕೊಂಡು ಹೋಗುತ್ತಿದ್ದಾಗ ಒದ್ದೆ ಸೀರೆಯೊಂದು ಮುಖಕ್ಕೆ ಬಡಿಯಿತು. ಅವಳು ಅದನ್ನು ಬೆರಳಲ್ಲಿ ಉಜ್ಜಿ ನೋಡಿ, ಬೇಲಿಯತ್ತ ತಿರುಗಿ, "ಇದು ನೀನು ಮೊಮ್ಮಗನ ನಾಮಕರಣಕ್ಕೆ ಉಟ್ಟಿದ್ ಸೀರೆ ಅಲ್ವೇನೇ? ಅಂಚು ಹೋಗೈತೆ" ಎಂದಳು.

"ಅಯ್ಯೋ ಅಕ್ಕ, ಒಂದೇ ಒಂದು ಹಾಕಿದ್ದು!" ಎಂದು ಪಕ್ಕದ ಮನೆಯಾಕೆ ಓಡಿಬಂದು ತೆಗೆದಳು. ಹಿಂದೆ ಇನ್ನೂ ಮೂರು ಇದ್ದವು.

ಇಲ್ಲಿ ನಾನು ಗಂಟುಗಳ ವಿಷಯ ಹೇಳಬೇಕು. ಅಮ್ಮ ಅರಸೀಕೆರೆಯಿಂದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ತಿಂಡಿಯ ಚೀಲ ಕಳಿಸುತ್ತಿದ್ದಳು. ಅದನ್ನು ಬಿಚ್ಚುತ್ತಾ ಚಿಕ್ಕಮ್ಮ ಒಮ್ಮೆ ಹೇಳಿದ್ದಳು: ಯಾರು ಯಾವ ಗಂಟು ಹಾಕಿದರೂ ಅವರು ಎದುರಿಗೆ ನಿಂತ ಹಾಗೆ ಅವಳಿಗೆ ತಿಳಿಯುತ್ತದಂತೆ. "ನಿಮ್ಮಮ್ಮಂದು ಮೂರು ಸುತ್ತು, ಮೇಲೊಂದು. ಕಳ್ಳ ಬಂದ್ರೂ ಬಿಚ್ಚಬಾರ್ದು, ಆ ಥರ. ಪಕ್ಕದ್ಮನೆಯವಳ್ದು ದನ ಕಟ್ಟೋ ಗಂಟು, ಒಂದ್ ಎಳುದ್ರೆ ಬರ್ತದೆ."

"ನಂದು?"

"ನಿಂದು ಗಂಟಲ್ಲ ಕಣೇ, ಯೋಚ್ನೆ. ಅರ್ಧಕ್ಕೇ ಬಿಟ್ಟಿರ್ತೀಯ."

ಈಗ ಹನ್ನೆರಡನೆಯ ದಿನ. ನನ್ನ ಡೈರಿಯಲ್ಲಿ ಆ ದಿನಕ್ಕೆ ಇರುವುದು ಇಷ್ಟೇ: "ಬಟ್ಟೆ ಒಗೆದೆ. ಹಿತ್ತಲೆಲ್ಲ ನೆರಳು. ಮಧ್ಯಾಹ್ನ ಅಮ್ಮ ಹೋಳಿಗೆ ತಂದಳು, ಮೂರರ ಬಸ್ಸಿಗೆ ಹೋದಳು. ಸಂಜೆಗೆ ಎಲ್ಲ ಒಣಗಿತ್ತು."

ಬೇರೆ ಯಾರಾದರೂ ಓದಿದರೆ ಇದರಲ್ಲಿ ಏನೂ ಇಲ್ಲ. ನಾನು ಓದಿದಾಗಲೆಲ್ಲ ನನ್ನ ಕಣ್ಣು ಕೊನೆಯ ವಾಕ್ಯಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ. ಹಿತ್ತಲೆಲ್ಲ ನೆರಳಿದ್ದರೆ ಬಟ್ಟೆ ಒಣಗಿದ್ದು ಹೇಗೆ?

ಹದಿಮೂರನೆಯ ದಿನ ಬೆಳಿಗ್ಗೆ, ಬೆಳಕು ಹರಿಯುವ ಹೊತ್ತಿಗೆ, ಚಿಕ್ಕಮ್ಮ ಬಕೆಟ್ ಹಿಡಿದು ಹಿಂಬಾಗಿಲಿನಿಂದ ಹೊರಟಳು. ಎಂದಿನಂತೆ ಹಗ್ಗದ ಮೇಲೆ ಕೈ. ಹಗ್ಗದ ಈ ತುದಿ ಇದ್ದಲ್ಲೇ ಇತ್ತು. ಆ ತುದಿಯನ್ನು ಯಾರೋ ತೆಂಗಿನ ಮರದಿಂದ ಬಿಚ್ಚಿ, ಬೇಲಿ ಬಿದ್ದುಹೋದ ಕಡೆಯಿಂದ ಆಚೆಗೆಳೆದು, ಬಿಸಿಲು ಚೆನ್ನಾಗಿ ಬೀಳುವ ಪಕ್ಕದ ಮನೆಯ ಎಮ್ಮೆ ಕೊಟ್ಟಿಗೆಯ ಕಂಬಕ್ಕೆ ಕಟ್ಟಿದ್ದರು. ಬಟ್ಟೆ ತೆಗೆದ ಮೇಲೆ ಮತ್ತೆ ಮರಕ್ಕೆ ಕಟ್ಟಲು ಮರೆತಿದ್ದರು. "ಕಾಲಿಗೆ ಅನುಮಾನ ಬಂದಿತ್ತು ಕಣೇ, ನೆಲ ಬೇರೆ ಥರ ಐತಲ್ಲ ಅಂತ. ಆದ್ರೆ ನಾನು ಹಗ್ಗ ನಂಬ್ದೆ, ಕಾಲು ನಂಬ್ಲಿಲ್ಲ" ಎಂದು ಆಮೇಲೆ ಹೇಳಿದಳು.

ಹಗ್ಗ ಮುಗಿದಲ್ಲಿ ಒಂದು ತಡಿಕೆ ಬಾಗಿಲು ಕೈಗೆ ಸಿಕ್ಕಿತು. ತಗಡಿನ ಬಾಗಿಲಿರಬೇಕಾದಲ್ಲಿ ತಡಿಕೆ ಯಾಕೆ ಎಂದು ಯೋಚಿಸುವಷ್ಟರಲ್ಲಿ ಒಳಗಿನಿಂದ ದೊಡ್ಡ ಉಸಿರು ಕೇಳಿತು. ಯಾರೋ ಒಳಗಿದ್ದಾರೆ. ಮರ್ಯಾದಸ್ಥೆಯಾದ ಚಿಕ್ಕಮ್ಮ ಎರಡು ಹೆಜ್ಜೆ ಹಿಂದೆ ಸರಿದು, ಕಲ್ಲಿನ ಮೇಲೆ ಕೂತು ಕಾದಳು.

ಇಲ್ಲಿಂದ ಮುಂದಿನ ಸಾಕ್ಷಿ ಪಕ್ಕದ ಮನೆಯಾಕೆ. ಹಾಲು ಕರೆಯಲು ಬಂದವಳು ಕೊಟ್ಟಿಗೆಯ ಮೂಲೆಯಲ್ಲಿ ನಿಂತುಬಿಟ್ಟಳಂತೆ.

"ಯಾರಮ್ಮ ಒಳಗೆ?" ಚಿಕ್ಕಮ್ಮ ಕೇಳಿದಳಂತೆ.

ಎಮ್ಮೆ ಮೂಗಿನಿಂದ ಬುಸ್ ಎಂದಿತಂತೆ.

"ನೀನೇನೇ? ಇಲ್ಲಿಗೂ ನನ್ ಹಿಂದೆ ಬಂದ್ಯಾ? ಆಯ್ತು, ಬೇಗ ಮುಗಿಸ್ಕಂಡು ಬಾ." ನನ್ನನ್ನು ಎಂದು ತಿಳಿದು ಹೇಳಿದ್ದು. ಎಮ್ಮೆಯ ಉಸಿರಿಗೂ ನನ್ನ ಉಸಿರಿಗೂ ಏನು ಹೋಲಿಕೆ ಎಂದು ನಾನು ಇಲ್ಲಿಯವರೆಗೆ ಕೇಳಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಮತ್ತೆ: "ಹೊಟ್ಟೆ ಸರಿ ಇಲ್ವೇನೇ? ನಿಮ್ಮಮ್ಮನ ಹೋಳ್ಗೆ ಅಷ್ಟೊಂದು ತಿನ್ಬೇಡ ಅಂದ್ರೆ ಕೇಳಿದ್ಯಾ? ಜೀರಿಗೆ ಕಷಾಯ ಮಾಡ್ಕೊಡ್ತೀನಿ ಬಾ."

ಎಮ್ಮೆ ಆಗ "ಹೂಂ" ಎಂದಿತು ಎಂಬುದು ಪಕ್ಕದ ಮನೆಯಾಕೆಯ ಹೇಳಿಕೆ. ಇಷ್ಟು ಹೊತ್ತು ನೀನ್ಯಾಕೆ ಸುಮ್ಮನಿದ್ದೆ ಎಂದು ಕೇಳಿದ್ದಕ್ಕೆ, "ಮೇಡಂ ಹೇಳಿದ್ರಲ್ಲ, ಕೇಳದೇ ಸಹಾಯ ಮಾಡಬಾರ್ದು ಅಂತ" ಎಂದಳು. ಕೊನೆಗೆ ತಡೆಯಲಾರದೆ ನಕ್ಕಳು. ಆ ನಗುವಿಗೇ ನನಗೆ ಎಚ್ಚರವಾಯಿತು. ನಾನು ಓಡಿಹೋದಾಗ ಚಿಕ್ಕಮ್ಮ ಇನ್ನೂ ಕಲ್ಲಿನ ಮೇಲೆಯೇ ಇದ್ದಳು. ನನ್ನ ಹೆಜ್ಜೆ ಸದ್ದು ಕೇಳಿ ಅವಳ ಮುಖ ಬದಲಾಯಿತು.

"ನೀನು ಇಲ್ಲಿದ್ರೆ, ಒಳಗೆ ಯಾರು?"

ಆ ಮುಖವನ್ನು ಮಾತ್ರ ನಾನು ತಪ್ಪಾಗಿ ನೆನಪಿಟ್ಟುಕೊಂಡಿಲ್ಲ. ಪಕ್ಕದ ಮನೆಯಾಕೆಯ ಜೊತೆ ನಾನೂ ನಗುತ್ತಿದ್ದೆ, ಚಿಕ್ಕಮ್ಮ ನಗಲಿಲ್ಲ. ಬಕೆಟ್ಟಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ, "ಅಕ್ಕಂಗೆ ಹೇಳ್ತೀರಾ?" ಎಂದಳು. ಇನ್ನೆರಡು ದಿನ ಉಳಿದಿತ್ತು.

ನಾನು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಎಮ್ಮೆಯ ಸುದ್ದಿ ಹಾಲಿನ ಡೈರಿಗೆ ಹೋಗಿ, ಅಲ್ಲಿಂದ ಬಸ್ ನಿಲ್ದಾಣಕ್ಕೆ ಹೋಗಿ, ಆ ತಿಂಡಿ ಚೀಲದ ಕಂಡಕ್ಟರ್ ಮೂಲಕ ಅರಸೀಕೆರೆ ತಲುಪಿತು. ಹತ್ತು ದಾಟಿದ ಮೇಲೆ ಅಮ್ಮ ಬಂದಿಳಿದಳು. ಕೈಯಲ್ಲಿ ಖಾಲಿ ಸೂಟ್‌ಕೇಸು. ಮೇಡಂ ಕೂಡ ಸುದ್ದಿ ಕೇಳಿ ಸ್ಕೂಟರಿನಲ್ಲಿ ಬಂದರು. ಜಗಲಿಯ ಮೇಲೆ ನ್ಯಾಯ ಸೇರಿತು.

"ಎಮ್ಮೆ ಹತ್ರ ಸಹಾಯ ಕೇಳಿದ್ಳಂತೆ" ಎಂದಳು ಅಮ್ಮ. "ಪಂದ್ಯ ಮುಗೀತು. ಸೀರೆ ಮಡಚ್ಕೊಳೇ."

"ಸಹಾಯ ಕೇಳ್ಲಿಲ್ಲ" ಎಂದಳು ಚಿಕ್ಕಮ್ಮ. "ಈಚೆಗೆ ಬಾ ಅಂದೆ. ಕಷಾಯ ಮಾಡ್ಕೊಡ್ತೀನಿ ಅಂದೆ. ಸಹಾಯ ಮಾಡೋಕೆ ಹೋಗಿದ್ದು ನಾನು."

ಎಲ್ಲರೂ ತೀರ್ಪುಗಾರ್ತಿಯತ್ತ ನೋಡಿದರು. ನಾನು ಗಂಟಲು ಸರಿಮಾಡಿಕೊಂಡೆ. ತಾಂತ್ರಿಕವಾಗಿ ನೋಡಿದರೆ, ಎಂದೇನೋ ಶುರು ಮಾಡಿದೆ.

"ಹಾದಿ ತಪ್ಪಿದ್ಳಲ್ಲ!" ಅಮ್ಮ ನನ್ನನ್ನು ಅರ್ಧಕ್ಕೇ ಕತ್ತರಿಸಿದಳು. "ನಾಳೆ ಎಮ್ಮೆ ಬದ್ಲು ಹಿತ್ಲ ಬಾವಿ ಇದ್ರೆ?"

ಅದು ನಿಜವಾದ ಭಯ. ಅಮ್ಮನ ದನಿ ಅಲ್ಲಿ ಒಡೆಯಿತು, ಯಾರೂ ನಗಲಿಲ್ಲ.

ಮೇಡಂ ಸ್ಕೂಟರಿನ ಮೇಲೆ ಕೂತಲ್ಲಿಂದಲೇ ಹೇಳಿದರು: "ಹಾದಿ ತಪ್ಪಿದ್ದು ಅವ್ರಲ್ಲ ಕಣಮ್ಮ, ಹಾದೀನೇ ಎದ್ದು ಪಕ್ಕದ್ಮನೆಗೆ ಹೋಗಿದೆ. ಅರಸೀಕೆರೆ ಬಸ್ ಸ್ಟ್ಯಾಂಡ್‌ನ ರಾತ್ರೋರಾತ್ರಿ ಬೇಲೂರಿಗೆ ಇಟ್ಬಿಟ್ರೆ, ಕಣ್ಣಿರೋ ನೀವು ಎಲ್ಲಿಗೆ ಹೋಗಿ ಬಸ್ ಹತ್ತುತಿದ್ರಿ? ಹಗ್ಗ ಬಿಚ್ಚಿದ್ದು ಯಾರು, ಅದನ್ ಹೇಳಿ ಮೊದ್ಲು."

ಪಕ್ಕದ ಮನೆಯಾಕೆ ಸೆರಗಿನ ತುದಿ ನೋಡಿಕೊಂಡಳು; ಹಿಂದಿನ ದಿನ ಅವಳೂ ಎರಡು ಸೀರೆ ಒಗೆದಿದ್ದಳು. ಅಮ್ಮ ಸೂಟ್‌ಕೇಸಿನ ಬೀಗ ನೋಡಿದಳು. ಒದ್ದೆ ಬಟ್ಟೆ ನೆರಳಲ್ಲಿ ಬಿದ್ದಿರುವುದನ್ನು ಕಂಡು ಅವಳು ಕೈಕಟ್ಟಿ ಕೂತದ್ದನ್ನು ನಾನು ಜೀವಮಾನದಲ್ಲಿ ನೋಡಿಲ್ಲ. ನಾನು ನನ್ನ ಮೈಮೇಲಿನ ಚೂಡಿದಾರ್ ನೋಡಿದೆ. ಚೆನ್ನಾಗಿ ಒಣಗಿತ್ತು.

ಚಿಕ್ಕಮ್ಮ ಎದ್ದಳು. ಹಗ್ಗ ಹಿಡಿದು ಕೊಟ್ಟಿಗೆಯವರೆಗೆ ಹೋದಳು. ನಾವೆಲ್ಲ ಮೆರವಣಿಗೆಯಂತೆ ಹಿಂದೆ ಹೋದೆವು. ಕಂಬದ ಹತ್ತಿರ ನಿಂತು ಗಂಟಿನ ಮೇಲೆ ಬೆರಳಾಡಿಸಿದಳು. ಒಂದು ಸಲ, ಇನ್ನೊಂದು ಸಲ. ಅವಳ ತುಟಿಯ ಒಂದು ಬದಿ ಮೇಲೆ ಹೋಯಿತು. ಅವಳ ಭುಜ ಅಡ್ಡವಿತ್ತು, ಗಂಟು ಮೂರು ಸುತ್ತಿನದೋ, ದನದ್ದೋ, ಅರ್ಧಕ್ಕೆ ಬಿಟ್ಟದ್ದೋ ನನಗೆ ಕಾಣಲಿಲ್ಲ. ಅಥವಾ ಕಂಡಿತ್ತು, ನಾನೇ ಆಮೇಲೆ ಅಳಿಸಿಕೊಂಡೆನೋ ಏನೋ. ಸರಕ್ಕನೆ ಬಿಚ್ಚಿಬಿಟ್ಟಳು.

"ಗೊತ್ತಾಯ್ತು" ಎಂದಳು. ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಳ್ಳುತ್ತಾ ಕೇಳಿದಳು: "ಯಾರು ಅಂತ ಹೇಳ್ಲಾ? ಇಲ್ಲ, ನಾನು ಇಲ್ಲೇ ಇರ್ಲಾ?"

ಎಮ್ಮೆ ಬಾಲದಿಂದ ನೊಣ ಹೊಡೆದುಕೊಂಡಿತು.

"ಇರ್ಲಿ ಬಿಡಕ್ಕ, ಪಾಪ" ಎಂದಳು ಪಕ್ಕದ ಮನೆಯಾಕೆ ಮೊದಲು.

"ಇನ್ನೆರಡು ದಿನ ತಾನೇ" ಎಂದೆ ನಾನು.

ಅಮ್ಮ ಸೂಟ್‌ಕೇಸನ್ನು ಕೆಳಗಿಟ್ಟಳು. ಆಮೇಲೆ, "ಬಾವಿಗೊಂದು ಕಟಕಟೆ ಹಾಕಿಸ್ತೀನಿ. ಬ್ಯಾಡ ಅನ್ನಂಗಿಲ್ಲ" ಎಂದಳು.

"ಹಾಕ್ಸು. ಅದ್ನ ನಾನೇ ಕೇಳ್ತಿದೀನಿ ಅನ್ಕೋ. ಆಗ ಅದು ಸಹಾಯ ಆಯ್ತದೆ" ಎಂದಳು ಚಿಕ್ಕಮ್ಮ.

ಹುಣ್ಣಿಮೆ ಬಂತು, ಹೋಯಿತು. ಸೂಟ್‌ಕೇಸು ಕಣಕಟ್ಟೆಯಲ್ಲೇ ಉಳಿಯಿತು. ಈಗ ಅದರಲ್ಲಿ ಊರವರು ಆಮೇಲೆ ತಂದು ಹಾಕಿದ ಸಣ್ಣಪುಟ್ಟ ಸಾಮಾನುಗಳಿವೆ; ಹಾರೆಗಳು ಮಾತ್ರ ಹಿಡಿಸಲಿಲ್ಲ. ಹಗ್ಗದ ಜಾಗದಲ್ಲಿ ಕಬ್ಬಿಣದ ಪೈಪು ನೆಟ್ಟಿದ್ದಾರೆ, ಅದನ್ನು ಬಿಸಿಲಿಗೆ ಎಳೆಯಲು ಯಾರಿಂದಲೂ ಸಾಧ್ಯವಿಲ್ಲ. ಹಳೆಯ ಹಗ್ಗವನ್ನು ಪಕ್ಕದ ಮನೆಯಾಕೆಗೆ ಬಟ್ಟೆ ಒಣಗಿಸಲು ಚಿಕ್ಕಮ್ಮನೇ ಕಟ್ಟಿಕೊಟ್ಟಳು. ಅಮ್ಮ ಈಗಲೂ ಫೋನ್ ಮಾಡಿ "ಊಟ ಆಯ್ತಾ" ಎನ್ನುವ ಮೊದಲು "ಎಲ್ಲಿದೀಯೇ" ಎನ್ನುತ್ತಾಳೆ. "ಎಮ್ಮೆ ಮನೇಲಿ" ಎಂದು ಇವಳ ಉತ್ತರ.

ಕಳೆದ ವಾರ ಹಳೇಬೀಡಿನಿಂದ ಜಾವಗಲ್ ಮೇಲೆ ಬಸ್ಸು ಹಿಡಿದು ಅವಳನ್ನು ನೋಡಲು ಹೋಗಿದ್ದೆ. ಅಟ್ಟದ ಮೇಲಿದ್ದಳು. ನಾನೂ ಏಣಿ ಹತ್ತಿ ಕಾಯಿರಾಶಿಯ ಪಕ್ಕ ಕೂತೆ. ಡೈರಿಯ ಆ ಪುಟವನ್ನು ಅವಳಿಗೆ ಓದಿ ಹೇಳಿದೆ, ಕೊನೆಯ ವಾಕ್ಯವನ್ನು ಎರಡು ಸಲ. ಚಿಕ್ಕಮ್ಮ ಒಂದು ಕಾಯಿ ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದಳು, ಪಕ್ಕಕ್ಕಿಟ್ಟಳು. ಇನ್ನೊಂದು ಎತ್ತಿದಳು. ಅದನ್ನೂ ಅಲ್ಲಾಡಿಸಿ, ನನ್ನ ಕಿವಿಯ ಹತ್ತಿರ ತಂದು ಮತ್ತೆ ಅಲ್ಲಾಡಿಸಿದಳು. ನನಗೆ ಏನೂ ಕೇಳಿಸಲಿಲ್ಲ. ನಾನು ಆ ಬೆಳಿಗ್ಗೆಯಿಂದ ಕೇಳಬೇಕೆಂದಿದ್ದನ್ನು ಕೇಳಿಯೇ ಬಿಟ್ಟೆ:

"ಚಿಕ್ಕಮ್ಮ, ಆ ಗಂಟು ನಂದಾ?"